ಕಾರಿಗೆ ಪ್ರತ್ಯೇಕ ಜಿಪಿಎಸ್ ಸಾಧನ: ಏನು ನೋಡಿ ಆರಿಸಬೇಕು?

ಹೊಸದಾರಿ

ಎಲ್ಲರಿಗೂ ನಮಸ್ಕಾರ. ಕಾರಿನಲ್ಲಿಡಲು ಪ್ರತ್ಯೇಕವಾದ ಜಿಪಿಎಸ್ ಸಾಧನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಮೊಬೈಲ್ ಇರುವಾಗ ಇದೇಕೆ ಎಂದು ಮನೆಯವರು ಕೇಳುತ್ತಾರೆ. ನನ್ನ ಕೆಲಸವೇ ದೂರದ ಓಡಾಟದ್ದು. ಗುಡ್ಡಗಾಡಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಬಿಸಿಲಿಗೆ ಮುಖ ಮಾಡಿ, ಚಾರ್ಜಿಗೆ ಹಾಕಿಟ್ಟ ಮೊಬೈಲ್ ಕಾದು ಪರದೆಯನ್ನು ಮಂಕು ಮಾಡಿಕೊಳ್ಳುತ್ತದೆ. ಸರಿಯಾಗಿ ತಿರುವು ಬರುವ ಹೊತ್ತಿಗೇ ಯಾರದಾದರೂ ಕರೆ ಬಂದು ನಕ್ಷೆಯನ್ನು ಮುಚ್ಚುತ್ತದೆ.

ಇಂತಹ ಸಾಧನಗಳನ್ನು ಮಾಡುವ ಗಾರ್ಮಿನ್ ಮತ್ತು ಟಾಮ್‌ಟಾಮ್ ಕಂಪನಿಗಳೆರಡರ ಪಟ್ಟಿಗಳನ್ನೂ ಓದಿದೆ. ಐದು ಇಂಚು, ಆರು ಇಂಚು, ಏಳು ಇಂಚು ಎಂದು ಸಾಲಾಗಿವೆ. ಎಲ್ಲದರ ಮೇಲೂ ‘ಜೀವಿತಾವಧಿ ನಕ್ಷೆ’ (ಅಂದರೆ ಮುಂದೆಯೂ ಉಚಿತ ನಕ್ಷೆ ನವೀಕರಣ), ‘ಲೈವ್ ಟ್ರಾಫಿಕ್’ (ಆ ಹೊತ್ತಿನ ಸಂಚಾರ ಮಾಹಿತಿ) ಎಂದು ಬರೆದಿದೆ. ಪರದೆಯ ಗಾತ್ರ ಬಿಟ್ಟರೆ ಇವುಗಳ ನಡುವೆ ವ್ಯತ್ಯಾಸ ಎಲ್ಲಿದೆ ಎಂಬುದೇ ತಿಳಿಯುತ್ತಿಲ್ಲ. ಬಳಸಿ ಬಲ್ಲವರು ಹೇಳಬೇಕು.

ನಕ್ಷೆನೋಟ

ಹೊಸದಾರಿಯವರೇ, ಮೊದಲು ನಕ್ಷೆಯನ್ನು ನೋಡಿ, ಆಮೇಲೆ ಪೆಟ್ಟಿಗೆಯನ್ನು. ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಪರದೆ. ರಸ್ತೆಯಲ್ಲಿ ನಮ್ಮನ್ನು ಕಾಯುವುದು ಅದರೊಳಗಿನ ನಕ್ಷೆ. ಉಪಗ್ರಹ ನಿಮಗೆ ಹೇಳುವುದು ನೀವು ಭೂಮಿಯ ಮೇಲೆ ಎಲ್ಲಿದ್ದೀರಿ ಎಂಬುದನ್ನು ಮಾತ್ರ. ಆ ಜಾಗದಲ್ಲಿ ರಸ್ತೆ ಇದೆಯೇ, ಅದು ಏಕಮುಖವೇ, ಬಲಕ್ಕೆ ತಿರುಗಬಹುದೇ ಎಂಬುದನ್ನೆಲ್ಲ ಹೇಳುವುದು ನಕ್ಷೆ. ಹೊಸ ಮೇಲ್ಸೇತುವೆ ನಕ್ಷೆಯಲ್ಲಿ ಇಲ್ಲದಿದ್ದರೆ ಹತ್ತು ಇಂಚಿನ ಪರದೆಯೂ ಅದನ್ನು ತೋರಿಸಲಾರದು.

ಈ ನಕ್ಷೆಗಳ ಮೂಲ ಬೇರೆ ಬೇರೆ. ಟಾಮ್‌ಟಾಮ್ 2008ರಲ್ಲಿ ಟೆಲಿ ಅಟ್ಲಾಸ್ ಎಂಬ ನಕ್ಷೆ ಕಂಪನಿಯನ್ನೇ ಕೊಂಡುಕೊಂಡಿತು. ಅಂದಿನಿಂದ ನಕ್ಷೆಯೂ ಅದರದೇ, ಸಾಧನವೂ ಅದರದೇ. ಗಾರ್ಮಿನ್ ಬಹುಕಾಲದಿಂದ ನವ್‌ಟೆಕ್ ನಕ್ಷೆಗಳನ್ನು ನೆಚ್ಚಿಕೊಂಡು ಬಂದಿದೆ. ಆ ನವ್‌ಟೆಕ್ 2008ರಲ್ಲಿ ನೋಕಿಯಾ ಪಾಲಾಯಿತು, ಮುಂದೆ ಹಿಯರ್ ಎಂಬ ಹೆಸರು ಪಡೆಯಿತು. 2015ರಲ್ಲಿ ಔಡಿ, ಬಿಎಂಡಬ್ಲ್ಯು, ಡೈಮ್ಲರ್ ಮೂರೂ ಸೇರಿ ಅದನ್ನು ಕೊಂಡವು. ಎರಡು ಬೇರೆ ಬೇರೆ ತಂಡಗಳು ರಸ್ತೆ ಅಳೆದು ಮಾಡಿದ ನಕ್ಷೆಗಳಾದ್ದರಿಂದ ಒಂದು ಪ್ರದೇಶದಲ್ಲಿ ಒಂದು ಚೆನ್ನಾಗಿದ್ದರೆ ಇನ್ನೊಂದು ಪ್ರದೇಶದಲ್ಲಿ ಮತ್ತೊಂದು ಚೆನ್ನಾಗಿರುತ್ತದೆ. ಹಾಗಾಗಿ ‘ಯಾವ ಬ್ರ್ಯಾಂಡ್ ಒಳ್ಳೆಯದು’ ಎಂಬ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿಲ್ಲ. ನೀವು ಓಡಾಡುವ ಕಡೆ ಯಾರ ನಕ್ಷೆ ಒಳ್ಳೆಯದು ಎಂದು ಪರೀಕ್ಷಿಸುವ ದಾರಿ ಮಾತ್ರ ಇದೆ.

ಪರೀಕ್ಷೆ ಹೀಗೆ ಮಾಡಿ. ನಿಮಗೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲಷ್ಟು ಗೊತ್ತಿರುವ ಪ್ರದೇಶದಲ್ಲಿ ಇತ್ತೀಚೆಗೆ ಬದಲಾದ ಒಂದು ಜಾಗವನ್ನು ಆರಿಸಿಕೊಳ್ಳಿ. ಹೊಸ ಬೈಪಾಸ್ ಆಗಿರಬಹುದು, ಏಕಮುಖವಾದ ಬೀದಿ ಆಗಿರಬಹುದು, ವೃತ್ತವಾಗಿ ಮಾರ್ಪಟ್ಟ ನಾಲ್ಕು ದಾರಿಯ ಕೂಡಿಕೆ ಆಗಿರಬಹುದು. ಅಂಗಡಿಯಲ್ಲಿ ಸಾಧನವನ್ನು ಚಾಲೂ ಮಾಡಿಸಿ, ಆ ಜಾಗವನ್ನು ದಾಟಿಹೋಗುವಂತಹ ದಾರಿಯನ್ನು ಕೇಳಿ. ಬಹುತೇಕ ಸಾಧನಗಳಲ್ಲಿ ಕುಳಿತಲ್ಲೇ ದಾರಿಯನ್ನು ಓಡಿಸಿ ನೋಡುವ ಸೌಲಭ್ಯವಿರುತ್ತದೆ. ಆ ಕೂಡಿಕೆಯಲ್ಲಿ ಅದು ಏನು ಹೇಳುತ್ತದೆ, ಎಷ್ಟು ಮೊದಲೇ ಹೇಳುತ್ತದೆ, ಯಾವ ಪಥದಲ್ಲಿರಬೇಕೆಂದು ತೋರಿಸುತ್ತದೆಯೇ ನೋಡಿ. ಇನ್ನೊಂದು ಸಾಧನದಲ್ಲೂ ಅದನ್ನೇ ಕೇಳಿ. ಮಾರಾಟಗಾರನ ವಿವರಣೆಗಿಂತ ಹೆಚ್ಚನ್ನು ಇದು ತಿಳಿಸುತ್ತದೆ.

ಕಿಸೆನಕ್ಷೆ

ಭಿನ್ನಾಭಿಪ್ರಾಯ ಇದೆ. 2009ರ ಅಕ್ಟೋಬರ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಮೊಬೈಲಿನಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಸೇವೆಯನ್ನು ಉಚಿತವಾಗಿ ಕೊಟ್ಟ ದಿನವೇ ಗಾರ್ಮಿನ್, ಟಾಮ್‌ಟಾಮ್ ಎರಡರ ಷೇರುಗಳೂ ಕುಸಿದವು. ಮಾರುಕಟ್ಟೆ ಅಂದೇ ತೀರ್ಪು ಕೊಟ್ಟಿದೆ. ನೆಟ್‌ವರ್ಕ್ ಇಲ್ಲದ ಕಡೆಗೆ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಆಯಿತು. ಜನರೇ ಸೇರಿ ಮಾಡಿದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂತಹ ಆ್ಯಪ್‌ಗಳು ಸಿಮ್ ಇಲ್ಲದ ಮೊಬೈಲಿನಲ್ಲೂ ದಾರಿ ಹೇಳುತ್ತವೆ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಮೊಬೈಲನ್ನೇ ಕಾರಿಗೆ ಕಾಯಂ ಆಗಿ ಕೂರಿಸಿದರೆ ಕರೆಗಳ ಕಾಟವೂ ಇಲ್ಲ. ಇಷ್ಟಕ್ಕೆ ಹೊಸ ಸಾಧನ ಬೇಕೇ?

ನಕ್ಷೆನೋಟ

ನಗರದೊಳಗಿನ ಓಡಾಟಕ್ಕೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕ್ಷಣಕ್ಷಣದ ಸಂಚಾರ ದಟ್ಟಣೆಯ ವಿಷಯದಲ್ಲಿ ಮೊಬೈಲನ್ನು ಮೀರಿಸುವುದು ಕಷ್ಟ. ಹಳೆಯ ಮೊಬೈಲಿನ ಉಪಾಯವೂ ಒಳ್ಳೆಯದೇ. ಆದರೆ ಅದಕ್ಕೊಂದು ತೊಡಕಿದೆ, ಅದು ಬಹಳ ಮಂದಿಗೆ ಗೊತ್ತಿಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವು ಕಳುಹಿಸುವ ಸಂಕೇತವನ್ನು ಕೇಳಿಸಿಕೊಳ್ಳುವುದಷ್ಟೇ ನಮ್ಮ ಸಾಧನದ ಕೆಲಸ. ಅದಕ್ಕೆ ಇಂಟರ್ನೆಟ್ ಬೇಡ. ಸ್ಥಾನವನ್ನು ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು: ಮೂರು ದಿಕ್ಕುಗಳ ಅಳತೆಯ ಜೊತೆಗೆ ಸಾಧನದೊಳಗಿನ ಗಡಿಯಾರದ ತಪ್ಪನ್ನೂ ತಿದ್ದಿಕೊಳ್ಳಬೇಕಲ್ಲ. ಆದರೆ ಲೆಕ್ಕ ಶುರುವಾಗುವ ಮೊದಲು ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆಂದು ಹೇಳುವ ವಿವರ ಸಾಧನಕ್ಕೆ ತಲುಪಿರಬೇಕು. ಉಪಗ್ರಹ ಆ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಹೇಳುತ್ತದೆ. ಕೆಲವು ಗಂಟೆಗಳಲ್ಲಿ ಅದು ಹಳತಾಗುತ್ತದೆ. ನೆಟ್‌ವರ್ಕ್ ಇರುವ ಮೊಬೈಲ್ ಈ ವಿವರವನ್ನು ಇಂಟರ್ನೆಟ್ ಮೂಲಕ ತಟ್ಟನೆ ಪಡೆದುಕೊಳ್ಳುತ್ತದೆ, ಅದಕ್ಕೇ ಅಷ್ಟು ಚುರುಕು. ಸಿಮ್ ತೆಗೆದ ಹಳೆಯ ಮೊಬೈಲ್ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಎತ್ತರದ ಕಟ್ಟಡಗಳ ನಡುವೆ ಕಾರು ಹೊರಟುಬಿಟ್ಟರೆ ಅರ್ಧ ಕೇಳಿದ್ದು ಕಡಿದು, ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ಪ್ರತ್ಯೇಕ ಸಾಧನಗಳಿಗೂ ಈ ಕಷ್ಟ ಇದ್ದದ್ದೇ. ಈಚಿನವುಗಳಲ್ಲಿ ಮುಂದಿನ ಕೆಲವು ದಿನಗಳ ಉಪಗ್ರಹ ಸ್ಥಾನಗಳ ಮುನ್ನಂದಾಜನ್ನು ತುಂಬಿಟ್ಟುಕೊಳ್ಳುವ ವ್ಯವಸ್ಥೆ ಇರುವುದರಿಂದ ಬೇಗ ಎದ್ದುಕೊಳ್ಳುತ್ತವೆ.

ಆದ್ದರಿಂದ ಯಾವುದನ್ನೇ ಬಳಸಿ, ಬಹಳ ದಿನ ಮುಚ್ಚಿಟ್ಟಿದ್ದರೆ ಹೊರಡುವ ಮೊದಲು ಆಕಾಶ ಕಾಣುವ ಜಾಗದಲ್ಲಿ ಒಂದೆರಡು ನಿಮಿಷ ನಿಂತೇ ಇರಿ.

ಹದಿನೆಂಟುಚಕ್ರ

ನಾನು ದೊಡ್ಡ ಲಾರಿ ಓಡಿಸುವವನು. ಕಾರಿನವರ ಚರ್ಚೆಯಲ್ಲಿ ತಲೆ ಹಾಕುತ್ತಿರುವುದಕ್ಕೆ ಕಾರಣವಿದೆ. ಕ್ಯಾರವಾನ್ ಎಳೆಯುವವರು, ಮೇಲೆ ಎತ್ತರದ ಸಾಮಾನು ಕಟ್ಟಿಕೊಂಡು ಹೋಗುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಕಾರಿಗೆಂದು ಮಾಡಿದ ಸಾಧನಕ್ಕೆ ನಿಮ್ಮ ವಾಹನದ ಎತ್ತರ ಗೊತ್ತಿರುವುದಿಲ್ಲ. ಅದು ನಿಮ್ಮನ್ನು ತಗ್ಗಿನ ರೈಲು ಸೇತುವೆಯ ಕೆಳಗೆ ನಿರಾಳವಾಗಿ ಕಳುಹಿಸುತ್ತದೆ. ಹಿಂದೆ ವಾಹನಗಳ ಸಾಲು ನಿಂತಿರುವಾಗ ಅಂತಹ ಸೇತುವೆಯ ಮುಂದೆ ಲಾರಿಯನ್ನು ಹಿಮ್ಮುಖವಾಗಿ ತೆಗೆಯುವುದು ಎಂತಹ ಯಾತನೆ ಎಂಬುದನ್ನು ಈ ವೃತ್ತಿಯಲ್ಲಿರುವವರೆಲ್ಲ ಬಲ್ಲರು.

ಗಾರ್ಮಿನ್‌ನ ಡೀಜಲ್ ಸರಣಿ, ಟಾಮ್‌ಟಾಮ್‌ನ ಗೋ ಪ್ರೊಫೆಷನಲ್ ಸರಣಿ ಇದಕ್ಕೆಂದೇ ಇರುವಂಥವು. ಎತ್ತರ, ಅಗಲ, ಉದ್ದ, ತೂಕ, ಅಪಾಯಕಾರಿ ಸರಕಿದೆಯೇ ಎಂಬುದನ್ನೆಲ್ಲ ತುಂಬಿಸಿದರೆ ಅದಕ್ಕೆ ತಕ್ಕ ದಾರಿ ಹಾಕುತ್ತವೆ. ಆದರೆ ಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆ: ಸೇತುವೆ ಎತ್ತರ ಮತ್ತು ತೂಕದ ಮಿತಿಗಳ ಮಾಹಿತಿ ಯಾವ ಯಾವ ದೇಶಗಳಿಗೆ ಇದೆ? ನಕ್ಷೆ ಇರುವ ಕಡೆಯಲ್ಲೆಲ್ಲ ಈ ಮಾಹಿತಿ ಇರುವುದಿಲ್ಲ. ಸರಕು ಬದಲಾದಾಗ ಎತ್ತರವನ್ನು ಸಾಧನದಲ್ಲೂ ಬದಲಾಯಿಸಿ. ರಸ್ತೆಯ ಫಲಕ ಒಂದು ಹೇಳಿ ಸಾಧನ ಇನ್ನೊಂದು ಹೇಳಿದರೆ ಫಲಕವನ್ನೇ ನಂಬಿ.

ಮತ್ತೊಂದು ವಿಷಯ. ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಕಾರಿನ 12 ವೋಲ್ಟ್ ಸಾಕೆಟ್ಟಿಗೆಂದು ಮಾಡಿದ ಚಾರ್ಜರನ್ನು ನೋಡದೆ ಚುಚ್ಚಬೇಡಿ. ಎರಡಕ್ಕೂ ಆಗುತ್ತದೆಯೇ ಎಂಬುದನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ.

ಸಂಜೆಸವಾರಿ

ಚಾರ್ಜರಿನ ಮಾತು ಬಂದದ್ದು ಒಳ್ಳೆಯದಾಯಿತು. ಯಾರೂ ವಿಮರ್ಶೆಯಲ್ಲಿ ಬರೆಯದ ಭಾಗ ಅದು. ಕೆಲವು ಸಾಧನಗಳಲ್ಲಿ ಎಫ್‌ಎಂ ಮೂಲಕ ಬರುವ ಸಂಚಾರ ಮಾಹಿತಿಯನ್ನು ಹಿಡಿಯುವ ರಿಸೀವರ್ ಇರುವುದು ಸಾಧನದೊಳಗಲ್ಲ, ಚಾರ್ಜರ್ ಕೇಬಲ್‌ನಲ್ಲಿ. ಕೇಬಲ್ ಕಳೆದುಹೋಗಿ ಬೇರೆ ಯಾವುದೋ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ, ಸಂಚಾರ ಮಾಹಿತಿ ಮಾತ್ರ ಮಾಯ. ಇನ್ನು ಕೆಲವು ಸಾಧನಗಳಿಗೆ ಸಾಮಾನ್ಯ ಯುಎಸ್‌ಬಿ ಕೇಬಲ್ ಹಾಕಿದರೆ ತಾವು ಕಂಪ್ಯೂಟರಿಗೆ ಸೇರಿದ್ದೇವೆಂದು ಭಾವಿಸಿ ನಕ್ಷೆಯನ್ನೇ ಮುಚ್ಚಿಬಿಡುತ್ತವೆ. ಜೊತೆಯಲ್ಲಿ ಬಂದ ಕೇಬಲ್ಲನ್ನು ಜೋಪಾನ ಮಾಡಿ.

‘ಲೈವ್ ಟ್ರಾಫಿಕ್’ ಎಂಬ ಒಂದೇ ಹೆಸರಿನಡಿ ಮೂರು ಬಗೆಗಳಿವೆ. ಎಫ್‌ಎಂ ಮೂಲಕ ಬರುವುದು ಮುಖ್ಯರಸ್ತೆಗಳಿಗೆ ಸೀಮಿತ, ನಿಧಾನವೂ ಹೌದು. ಸಾಧನದಲ್ಲೇ ಸಿಮ್ ಇರುವುದು ಬಹಳ ಅನುಕೂಲ, ಆದರೆ ಎಷ್ಟು ವರ್ಷಕ್ಕೆ ಸೇವೆ ಎಂದು ಕೇಳಿಕೊಳ್ಳಬೇಕು. ಮೂರನೆಯದು ನಿಮ್ಮ ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಕೊಂಡು ಅದರ ಇಂಟರ್ನೆಟ್ ಬಳಸುವುದು. ಹೊಸದಾರಿಯವರೇ, ನಿಮ್ಮ ಗುಡ್ಡಗಾಡಿನಲ್ಲಿ ನೆಟ್‌ವರ್ಕ್ ಹೋದಾಗ ಎರಡನೆಯದೂ ಮೂರನೆಯದೂ ನಿಲ್ಲುತ್ತವೆ, ಆದರೆ ದಾರಿ ಹೇಳುವುದು ನಿಲ್ಲುವುದಿಲ್ಲ. ನಿಮಗೆ ಬೇಕಾದದ್ದೂ ಅದೇ ಅಲ್ಲವೇ?

ಹೊಸದಾರಿ

ಹೌದು, ಅದೇ. ಎಲ್ಲರಿಗೂ ಧನ್ಯವಾದ. ಎರಡು ಅನುಮಾನಗಳು. ‘ಜೀವಿತಾವಧಿ ನಕ್ಷೆ’ಯನ್ನು ಎಷ್ಟು ನಂಬಬಹುದು? ಮತ್ತು ಹೆದ್ದಾರಿಯ ಪಕ್ಕದಲ್ಲೇ ಸರ್ವಿಸ್ ರಸ್ತೆ ಇರುವ ಕಡೆ ಮೊಬೈಲ್ ಗೊಂದಲ ಮಾಡಿಕೊಳ್ಳುತ್ತದೆ. ಪ್ರತ್ಯೇಕ ಸಾಧನದಲ್ಲಿ ಇದು ಸರಿಹೋಗುತ್ತದೆಯೇ?

ನಕ್ಷೆನೋಟ

ಜೀವಿತಾವಧಿ ಎಂದರೆ ಯಾರದು, ಎಲ್ಲಿಯವರೆಗೆ ಎಂಬುದನ್ನು ಕಂಪನಿಯ ಷರತ್ತುಗಳಲ್ಲಿ ಓದಿ. ಸಾಮಾನ್ಯವಾಗಿ ಅದು ಆ ಸಾಧನ ಉಪಯುಕ್ತವಾಗಿರುವ ಅವಧಿ, ಅದನ್ನು ನಿರ್ಧರಿಸುವವರು ಕಂಪನಿಯವರು. 2018ರಲ್ಲಿ ಟಾಮ್‌ಟಾಮ್ ತನ್ನ ಕೆಲವು ಹಳೆಯ ಮಾದರಿಗಳಿಗೆ ನಕ್ಷೆ ನವೀಕರಣ ನಿಲ್ಲಿಸುವುದಾಗಿ ಪ್ರಕಟಿಸಿದಾಗ ಗ್ರಾಹಕರು ಸಿಟ್ಟಾದದ್ದು ಸಹಜವೇ ಆಗಿತ್ತು. ನಿಲ್ಲಲು ಒಂದು ತಾಂತ್ರಿಕ ಕಾರಣವೂ ಇರುತ್ತದೆ: ನಕ್ಷೆ ವರ್ಷ ವರ್ಷ ದಪ್ಪವಾಗುತ್ತದೆ, ಸಾಧನದ ಒಳಸಂಗ್ರಹ ಅಷ್ಟೇ ಇರುತ್ತದೆ. ಅದಕ್ಕಾಗಿಯೇ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಲು ಜಾಗವಿರುವುದನ್ನೇ ಕೊಳ್ಳಿ ಎನ್ನುತ್ತೇನೆ. ಪರದೆ ಒಂದು ಇಂಚು ಕಡಿಮೆಯಾದರೂ ಅಡ್ಡಿಯಿಲ್ಲ, ಇದನ್ನು ಬಿಡಬೇಡಿ. ಮತ್ತು ಅಗ್ಗಕ್ಕೆ ಸಿಗುತ್ತದೆಂದು ಮಾರುಕಟ್ಟೆಯಿಂದ ಹೊರಹೋಗುತ್ತಿರುವ ಮಾದರಿಯನ್ನು ಕೊಂಡರೆ ಅದರ ಆಯುಷ್ಯದ ಒಂದು ಭಾಗ ಆಗಲೇ ಕಳೆದಿರುತ್ತದೆ.

ಸರ್ವಿಸ್ ರಸ್ತೆಯ ವಿಷಯ. ಒಂದು ಕಾಲದಲ್ಲಿ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕೊಡುತ್ತಿತ್ತು, ನೂರು ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು. 2000ದ ಮೇ ಆರಂಭದಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಕಾರಿನ ಸಾಧನಗಳಿಗೆ ನಿಜವಾದ ಬೆಲೆ ಬಂದದ್ದು. ಈಗ ಬಯಲಿನಲ್ಲಿ ಐದು ಮೀಟರ್ ಆಸುಪಾಸಿನ ನಿಖರತೆ ಸಿಗುತ್ತದೆ. ಹೆದ್ದಾರಿಗೂ ಸರ್ವಿಸ್ ರಸ್ತೆಗೂ ನಡುವಿನ ಅಂತರ ಅಷ್ಟೇ ಇದ್ದರೆ ಯಾವ ಸಾಧನವೂ ಊಹಿಸಲೇಬೇಕು. ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದು ಇನ್ನೂ ಕಷ್ಟ, ಏಕೆಂದರೆ ಎತ್ತರದ ಲೆಕ್ಕ ಅಡ್ಡಳತೆಯಷ್ಟು ನಿಖರವಾಗಿರುವುದಿಲ್ಲ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಕೇಳಿಸಿಕೊಳ್ಳುವ ಸಾಧನ ಕಟ್ಟಡಗಳ ನಡುವೆ, ಕಣಿವೆಗಳಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಆದರೂ ಗೊಂದಲ ಪೂರ್ತಿ ಹೋಗುವುದಿಲ್ಲ. ಇಲ್ಲಿ ನೋಡಬೇಕಾದದ್ದು ಸಾಧನ ತಪ್ಪನ್ನು ಎಷ್ಟು ಬೇಗ ತಿದ್ದಿಕೊಳ್ಳುತ್ತದೆ ಎಂಬುದನ್ನು. ನೀವು ಅದು ಹೇಳಿದ ದಾರಿ ಬಿಟ್ಟು ಮುಂದೆ ಹೋದಾಗ ಕೆಲವು ಸಾಧನಗಳು ಕ್ಷಣದಲ್ಲಿ ಹೊಸ ದಾರಿ ಹಾಕುತ್ತವೆ, ನಿಧಾನದ ಪ್ರೊಸೆಸರ್ ಇರುವವು ಮುಂದಿನ ತಿರುವು ಕಳೆದ ಮೇಲೆ ಅದರ ಬಗ್ಗೆ ಹೇಳುತ್ತವೆ. ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ನಾನು ಕಂಡ ದೊಡ್ಡ ಅಂತರ ಇದು. ಕಂಪನಿಯವರ ಪಟ್ಟಿಯಲ್ಲಿ ಇದಕ್ಕೆ ಅಂಕಣವೇ ಇರುವುದಿಲ್ಲ.

ಸುರಂಗದಲ್ಲಿ ಮಾತ್ರ ಕಾರಿನಲ್ಲೇ ಕೂರಿಸಿ ಬಂದ ವ್ಯವಸ್ಥೆಗಳದೇ ಮೇಲುಗೈ. ಅವುಗಳಿಗೆ ಚಕ್ರದ ತಿರುಗುವಿಕೆಯ ಲೆಕ್ಕ ಸಿಗುತ್ತದೆ. ಗಾಜಿಗೆ ಅಂಟಿಸಿದ ಸಾಧನಕ್ಕೆ ಆ ಸಂಪರ್ಕವಿಲ್ಲ.

ಹಳೆಯಂತ್ರ

ಹಳೆಯ ಸಾಧನವನ್ನು ಕೊಳ್ಳುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಬಯಲಿನಲ್ಲಿ ಚಾಲೂ ಮಾಡಿ, ಉಪಗ್ರಹಗಳು ಸಿಕ್ಕಿದ ಮೇಲೆ ಅದು ತೋರಿಸುವ ದಿನಾಂಕವನ್ನು ನೋಡಿ. ಜಿಪಿಎಸ್ ವಾರಗಳನ್ನು ಎಣಿಸುವ ಲೆಕ್ಕ 1024 ವಾರಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮರಳಿತು. ಸಾಫ್ಟ್‌ವೇರ್ ನವೀಕರಿಸದ ಹಳೆಯ ಸಾಧನ ಇವತ್ತಿನ ದಿನವನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸಬಹುದು. ದಾರಿ ಸರಿಯಾಗಿಯೇ ಹೇಳೀತು, ಆದರೆ ದಿನಾಂಕವನ್ನು ನೆಚ್ಚಿದ ಕೆಲಸಗಳು, ಅಂದರೆ ಸೂರ್ಯ ಮುಳುಗುವ ಹೊತ್ತಿಗೆ ಪರದೆಯನ್ನು ರಾತ್ರಿಯ ಬಣ್ಣಕ್ಕೆ ತಿರುಗಿಸುವಂಥವು, ಹಾದಿ ತಪ್ಪುತ್ತವೆ. ದಿನಾಂಕ ತಪ್ಪಿದ್ದು, ನವೀಕರಣವೂ ಸಿಗದಿದ್ದರೆ ಬಿಟ್ಟುಬಿಡಿ.

ಬ್ಯಾಟರಿಯ ಬಗ್ಗೆ ಚಿಂತೆ ಬೇಡ. ಹೊಸದರಲ್ಲೂ ಒಂದು ಗಂಟೆಯ ಸುಮಾರಿಗೆ ಮುಗಿಯುವುದೇ ಹೆಚ್ಚು, ಚಾರ್ಜಿಗೆ ಹಾಕಿಕೊಂಡೇ ಓಡಿಸುವ ವಸ್ತು ಅದು. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿಗೆ ಅಂಟಿಸಿಯೇ ಬಿಟ್ಟು ಹೋಗುವುದು ಬ್ಯಾಟರಿಗೂ ಕೆಟ್ಟದ್ದು, ಕಳ್ಳರಿಗೂ ಆಹ್ವಾನ. ತೆಗೆದ ಮೇಲೆ ಗಾಜಿನ ಮೇಲೆ ಉಳಿಯುವ ದುಂಡನೆಯ ಗುರುತನ್ನೂ ಒರೆಸಿ. ‘ಮನೆ’ ಎಂಬ ಜಾಗಕ್ಕೆ ನಿಮ್ಮ ಬಾಗಿಲನ್ನೇ ಗುರುತು ಮಾಡದೆ ಹತ್ತಿರದ ಒಂದು ಕೂಡುರಸ್ತೆಯನ್ನು ಹಾಕಿ. ಸಾಧನ ಯಾರ ಕೈಗಾದರೂ ಸಿಕ್ಕರೆ ಅದು ಅವರನ್ನು ನಿಮ್ಮ ಮನೆಬಾಗಿಲಿಗೆ ಕರೆತರಬಾರದು.

ಕಿಸೆನಕ್ಷೆ

ಇಷ್ಟು ಓದಿದ ಮೇಲೆ ದೂರದ ಓಡಾಟಕ್ಕೆ ಪ್ರತ್ಯೇಕ ಸಾಧನ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಕೇಳಬೇಕು. ಸಾಧನ ತೋರಿಸುವ ವೇಗ ಕಾರಿನ ಮೀಟರಿಗಿಂತ ಯಾವಾಗಲೂ ಕಡಿಮೆ ಇರುತ್ತದೆ. ಯಾವುದು ಸರಿ?

ನಕ್ಷೆನೋಟ

ಒಂದೇ ವೇಗದಲ್ಲಿ, ಬಯಲಿನಲ್ಲಿ ಹೋಗುತ್ತಿರುವಾಗ ಸಾಧನದ್ದೇ ಹೆಚ್ಚು ಸರಿ. ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮ. ಹೆಚ್ಚು ತೋರಿಸಲು ಮಾತ್ರ ಶೇಕಡ 10ರ ಜೊತೆಗೆ ಗಂಟೆಗೆ 4 ಕಿಲೋಮೀಟರ್‌ವರೆಗೆ ಅವಕಾಶವಿದೆ. ಹಾಗಾಗಿ ನೀವು ನಿಜಕ್ಕೂ 100ರಲ್ಲಿದ್ದಾಗ ಮೀಟರ್ 114ರವರೆಗೂ ತೋರಿಸಬಹುದು. ತಯಾರಕರು ಸುರಕ್ಷಿತ ಬದಿಗೆ ಇರಲೆಂದು ಸ್ವಲ್ಪ ಮೇಲಕ್ಕೇ ಇಡುತ್ತಾರೆ. ಆದರೆ ತಟ್ಟನೆ ಬ್ರೇಕ್ ಹಾಕಿದಾಗ, ಸುರಂಗದಲ್ಲಿ, ದಟ್ಟ ಕಾಡಿನಲ್ಲಿ ಸಾಧನದ ಅಂಕಿಯನ್ನು ನಂಬಬೇಡಿ.

ವೇಗದ ಕ್ಯಾಮೆರಾ ಎಚ್ಚರಿಕೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಅದನ್ನೇ ನೋಡಿ ಕೊಳ್ಳುವವರಿದ್ದಾರೆ. ಎಲ್ಲ ದೇಶಗಳಲ್ಲೂ ಅದಕ್ಕೆ ಅನುಮತಿಯಿಲ್ಲ. ಜರ್ಮನಿಯಲ್ಲಿ ಚಾಲಕ ಅದನ್ನು ಬಳಸುವಂತಿಲ್ಲ, ಸ್ವಿಟ್ಜರ್ಲೆಂಡ್‌ನಲ್ಲೂ ನಿಷಿದ್ಧ. ಫ್ರಾನ್ಸಿನಲ್ಲಿ 2012ರಿಂದ ಕ್ಯಾಮೆರಾದ ನಿಖರ ಜಾಗದ ಬದಲು ‘ಅಪಾಯದ ವಲಯ’ ಎಂದಷ್ಟೇ ತೋರಿಸುತ್ತಾರೆ. ಗಡಿ ದಾಟುವವರು ಆ ದೇಶದ ನಿಯಮ ತಿಳಿದುಕೊಂಡು ಆ ಎಚ್ಚರಿಕೆಯನ್ನು ಬಂದ್ ಮಾಡಿಡಿ.

ಸಂಜೆಸವಾರಿ

ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲ. ಕೊಳ್ಳುವಾಗ ಕಿವಿಗೊಟ್ಟು ಕೇಳಿ. ಮೊದಲೇ ಧ್ವನಿಮುದ್ರಣ ಮಾಡಿದ ದನಿಗಳು ‘ಬಲಕ್ಕೆ ತಿರುಗಿ’ ಎನ್ನುತ್ತವೆಯೇ ಹೊರತು ರಸ್ತೆಯ ಹೆಸರು ಹೇಳಲಾರವು. ಬರಹವನ್ನು ಓದಿ ಹೇಳುವ ದನಿಗಳು ಹೆಸರನ್ನೂ ಹೇಳುತ್ತವೆ, ಆಗ ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ನನ್ನ ಮಟ್ಟಿಗೆ ಏಳು ಇಂಚಿನ ಪರದೆಗಿಂತ ಸ್ಪಷ್ಟವಾದ ದನಿ ಮೇಲು. ದೊಡ್ಡ ಪರದೆ ಚಿಕ್ಕ ಕಾರಿನಲ್ಲಿ ನೋಟಕ್ಕೇ ಅಡ್ಡ ಬರುತ್ತದೆ. ಗಾಜಿನ ಕೆಳಮೂಲೆಯಲ್ಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ಬಿಟ್ಟು ಇಡಬೇಕು. ಬಿಸಿಲು ತಡೆಯುವ ಲೋಹದ ಲೇಪ ಇರುವ ಗಾಜುಗಳು ಉಪಗ್ರಹದ ಸಂಕೇತವನ್ನೂ ತಡೆಯುತ್ತವೆ. ಅಂತಹ ಗಾಜಿನಲ್ಲಿ ಹಿಂಬದಿ ನೋಡುವ ಕನ್ನಡಿಯ ಸುತ್ತ ಸಾಮಾನ್ಯವಾಗಿ ಲೇಪವಿಲ್ಲದ ಜಾಗ ಬಿಟ್ಟಿರುತ್ತಾರೆ.

ಹೊಸದಾರಿ

ನಕ್ಷೆನೋಟ ಅವರು ಹೇಳಿದಂತೆ ಅಂಗಡಿಯಲ್ಲಿ ಎರಡು ಸಾಧನಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ನಾನು ಆರಿಸಿದ್ದು ಇತ್ತೀಚೆಗೆ ಬದಲಾದ ಒಂದು ಕೂಡುರಸ್ತೆ. ಒಂದು ಸಾಧನ ಹಳೆಯ ದಾರಿಯನ್ನೇ ಹೇಳಿತು. ಇನ್ನೊಂದು ಹೊಸ ವೃತ್ತವನ್ನು ತೋರಿಸಿ, ಎಷ್ಟನೆಯ ದಾರಿಯಲ್ಲಿ ಹೊರಬೀಳಬೇಕೆಂದೂ ಹೇಳಿತು. ಆರು ಇಂಚಿನ ಆ ಎರಡನೆಯದನ್ನೇ ತಂದಿದ್ದೇನೆ. ಕಾರ್ಡ್ ಹಾಕಲು ಜಾಗವಿದೆ. ಇನ್ನು ನಾಳೆಯೇ ಹೊರಡಬಹುದೇ?

ನಕ್ಷೆನೋಟ

ಮೊದಲು ಮನೆಯಲ್ಲೇ ನಕ್ಷೆಯನ್ನು ನವೀಕರಿಸಿ. ಪೆಟ್ಟಿಗೆ ಗೋದಾಮಿನಲ್ಲಿ ಎಷ್ಟು ಕಾಲ ಇತ್ತೋ ಅಷ್ಟು ಹಳೆಯ ನಕ್ಷೆ ಅದರಲ್ಲಿರುತ್ತದೆ. ಮೊದಲ ನವೀಕರಣ ಗಂಟೆಗಟ್ಟಲೆ ಹಿಡಿಯಬಹುದು. ಸಾಧನವನ್ನು ಚಾರ್ಜಿಗೆ ಹಾಕಿಯೇ ಇಡಿ, ಮಧ್ಯೆ ಕೇಬಲ್ ಕೀಳಬೇಡಿ. ಆಮೇಲೆ ಸೆಟ್ಟಿಂಗ್‌ನಲ್ಲಿ ದಾರಿಯ ಬಗೆ ‘ವೇಗವಾದದ್ದು’ ಎಂದಿದೆಯೇ ನೋಡಿ. ‘ಹತ್ತಿರದ್ದು’ ಎಂದಿದ್ದರೆ ಕೆಲವೇ ಮೀಟರ್ ಉಳಿಸಲು ಓಣಿಗಳೊಳಗೆ ನುಗ್ಗಿಸುತ್ತದೆ. ಕಚ್ಚಾ ರಸ್ತೆಗಳನ್ನು ತಪ್ಪಿಸುವ ಆಯ್ಕೆಯನ್ನೂ ಹಾಕಿ.

ಹೋಗಬೇಕಾದ ಜಾಗವನ್ನು ಅಕ್ಷಾಂಶ ರೇಖಾಂಶದಲ್ಲಿ ತುಂಬಿಸುವುದಿದ್ದರೆ ಬರೆಯುವ ಕ್ರಮವನ್ನು ಸರಿಯಾಗಿ ನೋಡಿಕೊಳ್ಳಿ. 12 ಡಿಗ್ರಿ 30 ನಿಮಿಷ ಎಂದರೆ ದಶಮಾಂಶದಲ್ಲಿ 12.50. ಅದನ್ನೇ 12.30 ಎಂದು ತುಂಬಿಸಿದರೆ ಇಪ್ಪತ್ತೆರಡು ಕಿಲೋಮೀಟರ್ ಆಚೆಗೆ ಹೋಗಿ ನಿಲ್ಲುತ್ತೀರಿ. ಗುಡ್ಡಗಾಡಿನಲ್ಲಿ ಇದು ಇನ್ನೊಂದು ಕಣಿವೆಯೇ ಆಗಬಹುದು. ಇಷ್ಟಾದ ಮೇಲೆ ಕಾರನ್ನು ಆಕಾಶ ಕಾಣುವ ಕಡೆ ನಿಲ್ಲಿಸಿ, ಉಪಗ್ರಹಗಳು ಸಿಕ್ಕಿದ ಮೇಲೆ ಹೊರಡಿ.